ಸಾಗರದ ಸುತ್ತ ಸೈಕಲ್ ಪ್ರವಾಸ: ಓದುಗರ ಪ್ರಶ್ನೆಗಳಿಗೆ ಉತ್ತರ

ಶಿವಮೊಗ್ಗ ಜಿಲ್ಲೆಯ ಸಾಗರವನ್ನು ನೆಲೆಯಾಗಿಟ್ಟುಕೊಂಡು ಸೈಕಲ್ ಪ್ರವಾಸ ಮಾಡುವ ಬಗ್ಗೆ ಕೆಲವು ತಿಂಗಳುಗಳಿಂದ ಓದುಗರ ಪತ್ರಗಳು ಬರುತ್ತಲೇ ಇವೆ. ಆದ್ದರಿಂದ ಈ ಸಂಚಿಕೆಯ ಅಂಕಣವನ್ನು ಸಂಪೂರ್ಣವಾಗಿ ಆ ಪ್ರದೇಶಕ್ಕೇ ಮೀಸಲಿಟ್ಟಿದ್ದೇವೆ. ಇಲ್ಲಿ ಕೊಟ್ಟಿರುವ ದೂರಗಳು ಅಂದಾಜಿನವು. ಒಳದಾರಿ ಹಿಡಿದರೆ ಒಂದೆರಡು ಕಿ.ಮೀ. ಹೆಚ್ಚು ಕಡಿಮೆ ಆಗಬಹುದು.

ಪ್ರಶ್ನೆ: ನಾವು ನಾಲ್ವರು ಗೆಳೆಯರು. ನಾಲ್ಕು ದಿನಗಳ ಬಿಡುವಿದೆ, ದಿನಕ್ಕೆ 50 ಕಿ.ಮೀ. ತುಳಿಯುವ ಅಭ್ಯಾಸವಿದೆ. ಸಾಗರದಿಂದ ಹೊರಟು ಸಾಗರಕ್ಕೇ ಮರಳುವ, ಕಾಡೂ ಹಳೆಯ ಊರುಗಳೂ ಸಿಗುವ, ಹೆದ್ದಾರಿಯ ಗದ್ದಲ ಕಡಿಮೆ ಇರುವ ದಾರಿಯೊಂದನ್ನು ಸೂಚಿಸುವಿರಾ? ಜೋಗವನ್ನೂ ಅದರಲ್ಲೇ ಸೇರಿಸಿಕೊಳ್ಳಬಹುದೇ?
— ಓದುಗರು, ದಾವಣಗೆರೆ

ಉತ್ತರ: ಜೋಗವನ್ನು ಈ ಸುತ್ತಿನಿಂದ ಹೊರಗಿಡಿ ಎಂಬುದು ನನ್ನ ಮೊದಲ ಸಲಹೆ. ಜೋಗವಿರುವ ಶರಾವತಿ ಪಡುವಣಕ್ಕೆ ಹರಿಯುವ ಹೊಳೆ. ನೀವು ಕೇಳುತ್ತಿರುವಂಥ ಹಳೆಯ ಊರುಗಳು ಹೆಚ್ಚಾಗಿ ಇರುವುದು ಉತ್ತರಕ್ಕೆ ಹರಿಯುವ ವರದೆಯ ಸೀಮೆಯಲ್ಲಿ. ಸಾಗರಕ್ಕೆ ಸಮೀಪದ ವರದಾಮೂಲದಲ್ಲಿ ಹುಟ್ಟುವ ವರದಾ ನದಿ ಬನವಾಸಿಯ ಮಗ್ಗುಲಿನಲ್ಲಿ ಹರಿದು, ಮುಂದೆ ಹಾವೇರಿ ಜಿಲ್ಲೆಯ ಗಳಗನಾಥದ ಬಳಿ ತುಂಗಭದ್ರೆಯನ್ನು ಸೇರುತ್ತದೆ. ಈ ನದಿಯನ್ನೂ ಅದರ ಆಚೀಚಿನ ಕೆರೆಗಳನ್ನೂ ಅನುಸರಿಸಿ ಹೋದರೆ ಸುಮಾರು 180 ಕಿ.ಮೀ.ಗಳ ಒಳ್ಳೆಯ ಸುತ್ತು ಸಿಗುತ್ತದೆ. ಕೆಳದಿಯ ನಾಯಕರಿಂದ ಹಿಂದಕ್ಕೆ ಸರಿಯುತ್ತ ಚಾಲುಕ್ಯರ ಕಾಲಕ್ಕೆ, ಅಲ್ಲಿಂದ ಕದಂಬರ ಕಾಲಕ್ಕೆ ಹೋಗುವ ದಾರಿ ಇದು.

ಮೊದಲ ದಿನ ಸಾಗರದಿಂದ ಉತ್ತರಕ್ಕೆ 8 ಕಿ.ಮೀ. ದೂರದ ಕೆಳದಿಗೆ ಬೆಳಗಿನಲ್ಲೇ ತಲುಪಿಕೊಳ್ಳಿ. 1499ರಲ್ಲಿ ಚೌಡಪ್ಪ ನಾಯಕನಿಂದ ಆರಂಭವಾದ ಅರಸುಮನೆತನದ ಮೊದಲ ರಾಜಧಾನಿ ಇದು. ರಾಮೇಶ್ವರ ಮತ್ತು ವೀರಭದ್ರ ಗುಡಿಗಳನ್ನು ನೋಡುವಾಗ ವೀರಭದ್ರ ಗುಡಿಯ ಛಾವಣಿಯಲ್ಲಿರುವ ಗಂಡಭೇರುಂಡವನ್ನು ತಪ್ಪದೆ ಕತ್ತೆತ್ತಿ ನೋಡಿರಿ. ಊರಿನ ವಸ್ತುಸಂಗ್ರಹಾಲಯದಲ್ಲಿರುವ ತಾಳೆಗರಿಗಳಿಗೂ ಸ್ವಲ್ಪ ಸಮಯ ಕೊಡಿರಿ. ಅಲ್ಲಿಂದ ಸೊರಬದವರೆಗೆ ಗದ್ದೆಬಯಲು, ಅಡಿಕೆ ತೋಟ, ನಡುನಡುವೆ ಕಾನು. ಸುತ್ತಲಿನ ಎಲೆಯುದುರುವ ಕಾಡಿಗಿಂತ ಬೇರೆಯಾಗಿ, ನೀರಿನ ಸೆಲೆಯಿರುವ ಕಡೆ ವರ್ಷವಿಡೀ ಹಸಿರಾಗಿ ನಿಲ್ಲುವ ಈ ಕಾನುಗಳು ಸೊರಬ ತಾಲ್ಲೂಕಿನ ಹೆಗ್ಗುರುತು. 1868ರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು ಇವುಗಳ ಬಗ್ಗೆಯೇ ವರದಿ ಬರೆದು, ಒಂದೇ ತಾಲ್ಲೂಕಿನಲ್ಲಿ 171 ಕಾನುಗಳನ್ನು ಲೆಕ್ಕ ಹಾಕಿದ್ದರು. ಇಂದು ಉಳಿದಿರುವುದು ಅದರ ಒಂದು ಭಾಗ ಮಾತ್ರ, ಉಳಿದದ್ದರಲ್ಲೂ ಹಲವು ಬಡವಾಗಿವೆ. ಆದರೂ ಬಿಸಿಲಿನಲ್ಲಿ ತುಳಿಯುತ್ತ ಬಂದವರಿಗೆ ಕಾನಿನ ಅಂಚಿಗೆ ಬಂದೊಡನೆ ಗಾಳಿ ತಂಪಾಗುವುದು ಮೈಗೇ ತಿಳಿಯುತ್ತದೆ. ಕಾರಿನ ಗಾಜಿನೊಳಗೆ ಕುಳಿತವರಿಗೆ ಇದು ತಿಳಿಯುವುದೇ ಇಲ್ಲ. ಅನೇಕ ಕಾನುಗಳಲ್ಲಿ ಊರಿನವರ ದೈವಗಳಿವೆ, ಆದ್ದರಿಂದ ಕೇಳದೆ ಒಳಗೆ ಹೋಗಬೇಡಿ. ರಾತ್ರಿ ತಂಗಲು ದಂಡಾವತಿ ನದಿಯ ದಡದ ಸೊರಬ ಪಟ್ಟಣ ಅನುಕೂಲ.

ಎರಡನೆಯ ದಿನದ ದೂರವನ್ನು ಬೇಕೆಂದೇ 25 ಕಿ.ಮೀ. ಆಸುಪಾಸಿಗೆ ಇಳಿಸಿದ್ದೇನೆ. ಸೊರಬದಿಂದ ಬನವಾಸಿಗೆ ಹೋಗುವ ದಾರಿಯಲ್ಲಿ ಗುಡವಿ ಪಕ್ಷಿಧಾಮವಿದೆ. ಮಳೆ ಹಿಡಿದ ಮೇಲೆ ಕೆರೆಯೊಳಗಿನ ಮರಗಳಲ್ಲಿ ಬಿಳಿ ಕೆಂಬರಲು, ಬೆಳ್ಳಕ್ಕಿ, ನೀರುಕಾಗೆಗಳು ಗೂಡು ಕಟ್ಟುವ ಜಾಗವಿದು. ಮಧ್ಯಾಹ್ನದೊಳಗೆ ಬನವಾಸಿ ಸೇರಿದರೆ ಅರ್ಧ ದಿನ ನಿಮ್ಮದಾಗುತ್ತದೆ. ಆ ಊರಿಗೆ ಅಷ್ಟಾದರೂ ಸಲ್ಲಬೇಕು. ಕದಂಬರು ರಾಜ್ಯ ಕಟ್ಟುವ ಮೊದಲೇ ಬನವಾಸಿ ಹೆಸರಾಂತ ಊರು. ಮಧುಕೇಶ್ವರ ದೇವಾಲಯದ ಆವರಣದಲ್ಲಿರುವ ಪ್ರಾಕೃತ ಬರಹದ ನಾಗಶಿಲೆ ಚುಟು ಅರಸರ ಕಾಲದ್ದು. ಅದೇ ಗುಡಿಯಲ್ಲಿ ಸೋದೆಯ ಅರಸರ ಕಾಲದ ಕಲ್ಲುಮಂಚವೂ ಇದೆ. ಒಂದಕ್ಕೂ ಇನ್ನೊಂದಕ್ಕೂ ನಡುವೆ ಸಾವಿರಕ್ಕೂ ಹೆಚ್ಚು ವರ್ಷಗಳ ಅಂತರ. ಸಂಜೆ ವರದೆಯ ದಂಡೆಯ ಕಡೆ ನಡೆದುಹೋಗಿರಿ, ಅಂದು ಸೈಕಲ್ಲಿಗೂ ಬಿಡುವಾಗಲಿ.

ಮೂರನೆಯ ದಿನವೇ ದೀರ್ಘವಾದದ್ದು, 60 ಕಿ.ಮೀ. ದಾಟಬಹುದು. ಆನವಟ್ಟಿಯ ಬಳಿಯ ಕುಬಟೂರಿನಲ್ಲಿ ಕೈಟಭೇಶ್ವರ ದೇವಾಲಯವನ್ನು ನೋಡಿಕೊಂಡು, ಶಿರಾಳಕೊಪ್ಪದ ಕಡೆ ಸಾಗಿ, ತಾಳಗುಂದ ಹಾಗೂ ಬಳ್ಳಿಗಾವಿಗಳನ್ನು ಮುಗಿಸಿ ಶಿಕಾರಿಪುರದಲ್ಲಿ ತಂಗಬೇಕು. ಇಲ್ಲಿ ಮಲೆನಾಡು ಮುಗಿದು ಬಯಲುಸೀಮೆಯ ಚಹರೆ ಕಾಣತೊಡಗುತ್ತದೆ. ನೆರಳು ಕಡಿಮೆಯಾಗುವುದರಿಂದ ಬೆಳಕು ಹರಿದೊಡನೆ ಹೊರಡುವುದು ಲೇಸು. ತಾಳಗುಂದದ ಪ್ರಣವೇಶ್ವರ ಗುಡಿಯ ಮುಂದಿನ ಕಂಬಶಾಸನವನ್ನು ಎಲ್ಲರೂ ಮಯೂರಶರ್ಮನ ಕಥೆಗಾಗಿ ನೆನೆಯುತ್ತಾರೆ: ವೇದಾಧ್ಯಯನಕ್ಕೆಂದು ಅಜ್ಜನೊಡನೆ ಕಂಚಿಗೆ ಹೋದ ಯುವಕ ಅಲ್ಲಿ ಅವಮಾನಗೊಂಡು, ದರ್ಭೆ ಹಿಡಿಯುವ ಕೈಯಲ್ಲಿ ಕತ್ತಿ ಹಿಡಿದದ್ದು. ಆದರೆ ಆ ಶಾಸನವನ್ನು ಬರೆಸಿದ್ದು ಕದಂಬ ಅರಸ ಕಾಕುತ್ಸ್ಥವರ್ಮ ಕಟ್ಟಿಸಿದ ಒಂದು ಕೆರೆಯನ್ನು ದಾಖಲಿಸುವುದಕ್ಕಾಗಿ. ಮೂರು ದಿನ ಕೆರೆಯ ಏರಿಗಳ ಮೇಲೆ ಸೈಕಲ್ ತುಳಿದು ಬಂದ ನಿಮಗೆ ಆ ಸಂಗತಿಯ ಮಹತ್ವವನ್ನು ಬೇರೆ ಯಾರೂ ವಿವರಿಸಬೇಕಾಗಿಲ್ಲ. ಬಳ್ಳಿಗಾವಿ ಅಲ್ಲಮಪ್ರಭುವಿನ ಊರು. ಕೇದಾರೇಶ್ವರ, ತ್ರಿಪುರಾಂತಕೇಶ್ವರ ಗುಡಿಗಳ ಜೊತೆಗೆ 1047ರ ಗಂಡಭೇರುಂಡ ಸ್ತಂಭವನ್ನೂ ನೋಡಿರಿ. ಮೊದಲ ದಿನ ಕೆಳದಿಯ ಛಾವಣಿಯಲ್ಲಿ ಕಂಡ ಹಕ್ಕಿಯನ್ನು ಇಲ್ಲಿ ಐದು ಶತಮಾನ ಹಿಂದಿನ ರೂಪದಲ್ಲಿ ಕಾಣುತ್ತೀರಿ.

ಕೊನೆಯ ದಿನ ಶಿಕಾರಿಪುರದಿಂದ ಆನಂದಪುರಕ್ಕೆ ಸುಮಾರು 30 ಕಿ.ಮೀ. ಅದರ ಸಮೀಪದ ಮಲಂದೂರಿನಲ್ಲಿರುವ ಚಂಪಕ ಸರಸಿ ಎಂಬ ಕೆಳದಿ ಕಾಲದ ಕೊಳ ಬಹುಕಾಲ ಹೂಳು ತುಂಬಿ ಹಾಳಾಗಿತ್ತು, ಈಚಿನ ವರ್ಷಗಳಲ್ಲಿ ಜನರು ಕೈಜೋಡಿಸಿ ಹೂಳೆತ್ತಿಸಿದ್ದಾರೆ. ಆನಂದಪುರದಿಂದ ಸಾಗರಕ್ಕೆ ಬಿ.ಎಚ್. (ಬೆಂಗಳೂರು–ಹೊನ್ನಾವರ) ರಸ್ತೆಯೇ ಗತಿ. ಆ 25 ಕಿ.ಮೀ.ಗಳಲ್ಲಿ ಲಾರಿ, ಬಸ್ಸುಗಳ ಓಡಾಟ ಹೆಚ್ಚು. ಸಾಲಾಗಿ ಒಬ್ಬರ ಹಿಂದೆ ಒಬ್ಬರು ಹೋಗಿ, ಕತ್ತಲಾಗುವ ಮೊದಲೇ ಊರು ಸೇರಿಕೊಳ್ಳಿ.

ಪ್ರಶ್ನೆ: ನಿವೃತ್ತ ದಂಪತಿಗಳಾದ ನಾವು ಮೈಸೂರಿನಲ್ಲಿ ದಿನವೂ ಬೆಳಗ್ಗೆ ಸೈಕಲ್ ತುಳಿಯುತ್ತೇವೆ. ವಯಸ್ಸು ಅರವತ್ತು ದಾಟಿದೆ, ಸಾಮಾನು ಹೊತ್ತು ದೂರ ಹೋಗಲಾರೆವು. ಸಾಗರದಲ್ಲಿ ಕೋಣೆ ಹಿಡಿದು ಸುತ್ತಾಡುವುದು ಸಾಧ್ಯವೇ?
— ಓದುಗರು, ಮೈಸೂರು

ಉತ್ತರ: ಖಂಡಿತ ಸಾಧ್ಯ. ಸಾಗರದ ದೊಡ್ಡ ಗುಣವೇ ಇದು. ಊರಿನ ಗಣಪತಿ ಕೆರೆಯಿಂದ ಹೊರಟು, ಐದಾರು ಕಿ.ಮೀ. ದೂರದ ಇಕ್ಕೇರಿ, ಅಲ್ಲಿಂದ ವರದಾಮೂಲ, ವರದಹಳ್ಳಿಯ ಶ್ರೀಧರಾಶ್ರಮಗಳನ್ನು ನೋಡಿ ಊಟದ ಹೊತ್ತಿಗೆ ಮರಳಬಹುದು. ಇಕ್ಕೇರಿಯ ಅಘೋರೇಶ್ವರ ದೇವಾಲಯದ ಮುಂದೆ ಮಂಟಪದಲ್ಲಿ ಕುಳಿತ ನಂದಿಯನ್ನು ಎಲ್ಲರೂ ನೋಡುತ್ತಾರೆ. ನೀವು ಒಳಗೆ ಗರ್ಭಗುಡಿಯ ಎದುರಿನ ನೆಲದತ್ತಲೂ ಕಣ್ಣು ಹಾಯಿಸಿ. ಕೆಳದಿಯ ಅರಸರು ದೇವರಿಗೆ ಅಡ್ಡಬಿದ್ದಂತೆ ಕೊರೆದ ಆಕೃತಿಗಳು ಹೆಸರು ಸಮೇತ ಅಲ್ಲಿವೆ. ಮರುದಿನ ಕೆಳದಿ, ಅದರ ಮರುದಿನ ನೀನಾಸಮ್ ರಂಗಸಂಸ್ಥೆಯ ಊರಾದ ಹೆಗ್ಗೋಡು, ಹೀಗೆ ದಿನಕ್ಕೊಂದು ದಿಕ್ಕನ್ನು ಆರಿಸಿಕೊಳ್ಳಿ. ಎಲ್ಲವೂ ಹೋಗಿಬರಲು 20 ಕಿ.ಮೀ. ಆಸುಪಾಸು.

ಮೈಸೂರಿನ ರಸ್ತೆಗಳಿಗೂ ಇಲ್ಲಿನವಕ್ಕೂ ಇರುವ ವ್ಯತ್ಯಾಸವೆಂದರೆ ಚಿಕ್ಕ ಚಿಕ್ಕ ಏರುಗಳು. ಪ್ರತಿ ತೋಟದ ಕಣಿವೆಗೂ ಇಳಿದು ಮತ್ತೆ ಹತ್ತಬೇಕಾಗುತ್ತದೆ. ಏರು ಬಂದಾಗ ಇಳಿದು ತಳ್ಳಿಕೊಂಡು ಹೋಗುವುದಕ್ಕೆ ಸಂಕೋಚ ಬೇಡ. ಇಲ್ಲಿನ ದಾರಿಗಳು ನಡೆಯಲೂ ಸೊಗಸಾದವು.

ಪ್ರಶ್ನೆ: ಮಲೆನಾಡನ್ನು ಮಳೆಯಲ್ಲಿಯೇ ನೋಡಬೇಕೆಂಬ ಆಸೆ. ಜುಲೈ ಅಥವಾ ಆಗಸ್ಟಿನಲ್ಲಿ ಸೈಕಲ್ ಪ್ರವಾಸ ಮಾಡಬಹುದೇ?
— ಓದುಗರು, ಹುಬ್ಬಳ್ಳಿ

ಉತ್ತರ: ಸಾಗರದಿಂದ ಪಶ್ಚಿಮಕ್ಕೆ, ಅಂದರೆ ಘಟ್ಟದ ಅಂಚಿನ ಕಡೆ, ಆ ಎರಡು ತಿಂಗಳಲ್ಲಿ ಹೋಗಬೇಡಿ. ಮರ ಉರುಳುವುದು, ಮಣ್ಣು ಕುಸಿಯುವುದು, ಹಗಲಿನಲ್ಲೇ ಮಂಜು ಕವಿದು ಹತ್ತು ಮಾರು ದೂರದ ವಾಹನವೂ ಕಾಣದಿರುವುದು ಅಲ್ಲಿ ಪ್ರತಿವರ್ಷದ ಸಂಗತಿ. ಪೂರ್ವಕ್ಕೆ ಸರಿದಂತೆ ಮಳೆ ಬೇಗ ಬೇಗ ಇಳಿಯುತ್ತದೆ. ಆದ್ದರಿಂದ ಸೊರಬ, ಬನವಾಸಿ, ಬಳ್ಳಿಗಾವಿಯ ಕಡೆಯ ದಾರಿಗಳಲ್ಲಿ ಮಳೆಯಂಗಿ ತೊಟ್ಟು ಸಾವಧಾನವಾಗಿ ಹೋಗಬಹುದು, ಗುಡವಿಯ ಹಕ್ಕಿಗಳನ್ನು ನೋಡಲು ಅದೇ ಸರಿಯಾದ ಕಾಲವೂ ಹೌದು.

ಗಾಲಿಯ ಅಂಚನ್ನು ಹಿಡಿಯುವ ಬ್ರೇಕು ಒದ್ದೆಯಾದಾಗ ತಡವಾಗಿ ಹಿಡಿಯುತ್ತದೆ, ಇಳಿಜಾರಿನ ಆರಂಭದಲ್ಲೇ ಒತ್ತಿ ನೀರು ಒರೆಸಿಕೊಳ್ಳಬೇಕು. ಡಿಸ್ಕ್ ಬ್ರೇಕಿದ್ದರೆ ಒಳ್ಳೆಯದು. ಕೆಮ್ಮಣ್ಣಿನ ಕೆಸರು ಚೈನಿಗೆ ಅಂಟಿ ಸವೆಸುತ್ತದೆ, ದಿನವೂ ಸಂಜೆ ತೊಳೆದು ಎಣ್ಣೆ ಹಾಕಬೇಕು. ಉಂಬಳಗಳಿಗೆ ಹೆದರಬೇಕಾಗಿಲ್ಲ, ಸುಣ್ಣವೋ ಉಪ್ಪೋ ಜೊತೆಗಿದ್ದರೆ ಸಾಕು. ನಿಮ್ಮ ಆಸೆ ಹಸಿರಿನದಾಗಿದ್ದರೆ ಸೆಪ್ಟೆಂಬರಿನ ಕೊನೆಯಿಂದ ನವೆಂಬರಿನವರೆಗಿನ ಕಾಲ ಎಲ್ಲಕ್ಕಿಂತ ಉತ್ತಮ. ಗದ್ದೆಗಳು ತುಂಬಿರುತ್ತವೆ, ಹೊಳೆಗಳು ಹರಿಯುತ್ತಿರುತ್ತವೆ, ರಸ್ತೆ ಒಣಗಿರುತ್ತದೆ.

ಪ್ರಶ್ನೆ: ಶರಾವತಿ ಅಭಯಾರಣ್ಯದೊಳಗಿನ ಕಾಲುದಾರಿಗಳಲ್ಲಿ ಸೈಕಲ್ ಓಡಿಸಿ, ಹಿನ್ನೀರಿನ ದಂಡೆಯಲ್ಲಿ ಟೆಂಟ್ ಹಾಕಿ ಉಳಿಯಬೇಕೆಂದು ನಮ್ಮ ಕಾಲೇಜಿನ ಗೆಳೆಯರ ಯೋಜನೆ. ಜನವರಿಯಲ್ಲಿ ಹೊರಡಲಿದ್ದೇವೆ. ಏನು ಸಿದ್ಧತೆ ಬೇಕು?
— ವಿದ್ಯಾರ್ಥಿ, ಶಿರಸಿ

ಉತ್ತರ: ಯೋಜನೆಯನ್ನು ಬದಲಾಯಿಸಿಕೊಳ್ಳಬೇಕೆಂದು ಪ್ರೀತಿಯಿಂದಲೇ ಹೇಳುತ್ತೇನೆ. ಅಭಯಾರಣ್ಯದ ಮೂಲಕ ಹಾದುಹೋಗುವ ಸಾರ್ವಜನಿಕ ರಸ್ತೆಯಲ್ಲಿ ಹೋಗಲು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅಡ್ಡಿ ಮಾಡುವುದಿಲ್ಲ. ರಸ್ತೆ ಬಿಟ್ಟು ಒಳಗೆ ಹೋಗುವುದಕ್ಕೂ ರಾತ್ರಿ ಉಳಿಯುವುದಕ್ಕೂ ಅರಣ್ಯ ಇಲಾಖೆಯ ಅನುಮತಿ ಬೇಕೇ ಬೇಕು. ಸಿಂಗಳೀಕಗಳ ನೆಲೆಯೆಂದೇ 2019ರಲ್ಲಿ ವಿಸ್ತರಿಸಿ ಘೋಷಿಸಿದ ಅಭಯಾರಣ್ಯ ಇದು. ಮರದಿಂದ ಮರಕ್ಕೆ ದಾಟಿ ಬದುಕುವ ಆ ಪ್ರಾಣಿಗಳನ್ನು ತಿಂಡಿಯ ಆಸೆಗೆ ರಸ್ತೆಗಿಳಿಸಿದರೆ ಅವುಗಳ ಸಾವಿಗೆ ನಾವೇ ಕಾರಣರಾಗುತ್ತೇವೆ.

ಅದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ನೀವು ಶಿರಸಿಯವರಾದ್ದರಿಂದ ಮಂಗನ ಕಾಯಿಲೆಯ ಹೆಸರು ಕೇಳಿರುತ್ತೀರಿ. 1957ರಲ್ಲಿ ಇದು ಮೊದಲು ಪತ್ತೆಯಾದದ್ದು ಇದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಜೋಗದ ಸಮೀಪದ ಅರಳಗೋಡು ಸುತ್ತಮುತ್ತ 2019ರ ಆರಂಭದಲ್ಲಿ ಅದು ಹಲವರ ಜೀವ ತೆಗೆದುಕೊಂಡಿತು. ರೋಗವನ್ನು ಹರಡುವುದು ಉಣುಗು, ಅಂದರೆ ಉಣ್ಣೆ. ಅದರ ಮರಿಗಳು ಹೆಚ್ಚಾಗಿ ಕಾಣಿಸಿಕೊಳ್ಳುವುದು ಮಳೆ ನಿಂತು ನೆಲ ಒಣಗಿದ ಮೇಲೆ, ಡಿಸೆಂಬರಿನಿಂದ ಮೇ ತಿಂಗಳವರೆಗೆ. ಅಂದರೆ ಪ್ರವಾಸಿಗರಿಗೆ ಹಿತವಾದ ಕಾಲವೇ ಉಣುಗಿನ ಕಾಲವೂ ಹೌದು. ಒಣ ತರಗೆಲೆಯ ಮೇಲೆ ಟೆಂಟ್ ಹಾಕಿ ಮಲಗುವುದು ಈ ಸೀಮೆಯಲ್ಲಿ, ಆ ಕಾಲದಲ್ಲಿ, ಮಾಡಬಾರದ ಕೆಲಸ. ಡಾಂಬರು ರಸ್ತೆಯಲ್ಲಿ ಸೈಕಲ್ ಮೇಲೆ ಹೋಗುವವರಿಗೆ ಅಪಾಯ ತೀರಾ ಕಡಿಮೆ. ದಣಿವಾರಿಸಿಕೊಳ್ಳಲು ಮರದ ಬುಡದ ತರಗೆಲೆಯ ಬದಲು ಬಸ್ ತಂಗುದಾಣದ ಕಟ್ಟೆಯನ್ನೋ ಅಂಗಡಿಯ ಜಗುಲಿಯನ್ನೋ ಆರಿಸಿಕೊಳ್ಳಿ. ಕಾಲು ಮುಚ್ಚುವ ಬಟ್ಟೆ ತೊಡಿ, ಉಣುಗು ಹತ್ತದಂತೆ ಆರೋಗ್ಯ ಇಲಾಖೆಯವರು ಕೊಡುವ ಡೆಪಾ ತೈಲ ಸಿಕ್ಕರೆ ಹಚ್ಚಿಕೊಳ್ಳಿ, ಸಂಜೆ ಬಿಸಿನೀರಿನಲ್ಲಿ ಸ್ನಾನ ಮಾಡಿ ಬಟ್ಟೆಗಳನ್ನು ಒಗೆಯಿರಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಸಮೀಪದ ಆಸ್ಪತ್ರೆಗೆ ತಿಳಿಸಿರಿ. ಊರಿಗೆ ಮರಳಿದ ಮೇಲೆ ಒಂದು ವಾರದೊಳಗೆ ಜೋರು ಜ್ವರ, ತಲೆನೋವು ಬಂದರೆ ಈ ಕಾಡಿಗೆ ಹೋಗಿದ್ದೆವೆಂಬುದನ್ನು ವೈದ್ಯರಿಗೆ ಮೊದಲೇ ಹೇಳಬೇಕು. ಸಾಧ್ಯವಿದ್ದರೆ ಪ್ರವಾಸವನ್ನು ಅಕ್ಟೋಬರಿಗೆ ಇಟ್ಟುಕೊಳ್ಳಿ.

ಪ್ರಶ್ನೆ: ನಾವಿಬ್ಬರು ಅಕ್ಕತಂಗಿಯರು ಮಾತ್ರ ಹೊರಡುವವರು. ಚಿಕ್ಕ ಊರುಗಳಲ್ಲಿ ತಂಗುವುದು ಹೇಗೆ?
— ಓದುಗರು, ಶಿವಮೊಗ್ಗ

ಉತ್ತರ: ಸಾಗರ, ಸೊರಬ, ಶಿಕಾರಿಪುರಗಳಲ್ಲಿ ವಸತಿಗೃಹಗಳಿವೆ. ನಡುವಿನ ಊರುಗಳಲ್ಲಿ ತಂಗಬೇಕಾದರೆ ಹೋಂಸ್ಟೇಗಳವರಿಗೆ ಮುಂಚಿತವಾಗಿ ಫೋನ್ ಮಾಡಿ, ಮನೆಯವರು ಅಲ್ಲಿಯೇ ವಾಸವಿದ್ದಾರೆಯೇ ಎಂದು ಕೇಳಿ ತಿಳಿದುಕೊಳ್ಳಿ. ಸಂಜೆ ನಾಲ್ಕರ ಒಳಗೆ ತಂಗುವ ಊರು ಸೇರುವಂತೆ ದೂರವನ್ನು ಹಾಕಿಕೊಳ್ಳಿ, ಕಾಡಿನ ದಾರಿಯಲ್ಲಿ ಮೊಬೈಲ್ ಸಂಪರ್ಕ ಕಡಿದುಹೋಗುವುದರಿಂದ ಮರುದಿನದ ದಾರಿಯನ್ನು ಹಿಂದಿನ ರಾತ್ರಿಯೇ ಮನೆಯವರಿಗೆ ತಿಳಿಸಿಡಿ. ದಾರಿ ಕೇಳುವಾಗ ಹೈನು ಡೇರಿ, ಸೊಸೈಟಿ, ಶಾಲೆಗಳ ಬಳಿ ಕೇಳುವುದು ಉತ್ತಮ. ಅಲ್ಲಿ ಹೆಂಗಸರು ಇರುತ್ತಾರೆ, ದೂರದ ಲೆಕ್ಕವನ್ನೂ ಸರಿಯಾಗಿ ಹೇಳುತ್ತಾರೆ. ಪಂಕ್ಚರ್ ಹಾಕುವುದನ್ನು ಇಬ್ಬರೂ ಕಲಿತಿರಬೇಕು. ಗೇರಿನ ಸೈಕಲ್ಲಿಗೆ ಹೊಂದುವ ಟ್ಯೂಬು ಚಿಕ್ಕ ಊರಿನ ಅಂಗಡಿಯಲ್ಲಿ ಸಿಗದಿರಬಹುದಾದ್ದರಿಂದ ತಲಾ ಎರಡು ಜೊತೆಗಿರಲಿ.

ಪ್ರಶ್ನೆ: ಕರಾವಳಿಯಿಂದ ಘಟ್ಟ ಹತ್ತಿ ಸಾಗರ ಸೇರಲು ಒಳ್ಳೆಯ ದಾರಿ ಯಾವುದು? ಸಿಗಂದೂರಿನ ಹೊಸ ಸೇತುವೆಯ ಮೇಲೆ ಹೋಗಬಹುದೇ?
— ಓದುಗರು, ಮಂಗಳೂರು

ಉತ್ತರ: ಕುಂದಾಪುರದಿಂದ ಕೊಲ್ಲೂರಿನವರೆಗಿನ ಸುಮಾರು 40 ಕಿ.ಮೀ. ಸುಲಭ. ಅಲ್ಲಿ ಒಂದು ರಾತ್ರಿ ತಂಗಿ, ಬೆಳಗಿನ ತಂಪಿನಲ್ಲಿ ನಾಗೋಡಿ ಘಾಟಿ ಹತ್ತಿರಿ. ಮೇಲೆ ಬಂದ ಮೇಲೆ ಎರಡು ದಾರಿಗಳಿವೆ. ಒಂದು ತುಮರಿ, ಸಿಗಂದೂರುಗಳ ಮೂಲಕ ಶರಾವತಿ ಹಿನ್ನೀರನ್ನು ದಾಟುವುದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ನೀರಿನಾಚೆ ಉಳಿದ ಈ ಹಳ್ಳಿಗಳವರು ಆರು ದಶಕಗಳ ಕಾಲ ಆಸ್ಪತ್ರೆಗೂ ಕಾಲೇಜಿಗೂ ಲಾಂಚನ್ನೇ ನಂಬಿಕೊಂಡಿದ್ದರು. ನಾಡಿಗೆ ಬೆಳಕು ಕೊಡಲು ಊರು ಕಳೆದುಕೊಂಡವರಿಗೆ ಸೇತುವೆ ಸಿಗಲು ಇಷ್ಟು ಕಾಲ ಹಿಡಿದದ್ದು ನೋವಿನ ಸಂಗತಿ. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾಯಿತು. ಎರಡೂವರೆ ಕಿ.ಮೀ.ಗೆ ತುಸು ಕಡಿಮೆ ಉದ್ದದ ಅದರ ಮೇಲೆ ಸೈಕಲ್ಲಿನಲ್ಲಿ ದಾಟುವಾಗ ಅಡ್ಡಗಾಳಿ ಬೀಸಬಹುದು, ಬ್ಯಾಗುಗಳನ್ನು ಎರಡೂ ಬದಿಗೆ ಸಮತೂಕವಾಗಿ ಕಟ್ಟಿರಿ. ಸಿಗಂದೂರಿನಿಂದ ಸಾಗರ ಸುಮಾರು 40 ಕಿ.ಮೀ. ವಾರಾಂತ್ಯ ಮತ್ತು ಮಂಗಳವಾರ, ಶುಕ್ರವಾರಗಳಲ್ಲಿ ದೇವಸ್ಥಾನಕ್ಕೆ ಬರುವ ವಾಹನಗಳು ಹೆಚ್ಚು.

ಎರಡನೆಯದು ನಿಟ್ಟೂರು, ನಗರ, ಹೊಸನಗರಗಳ ದಾರಿ. ದೂರ ಹೆಚ್ಚಾದರೂ ನಾನು ಆರಿಸುವುದು ಇದನ್ನೇ. ನಗರವೇ ಹಿಂದಿನ ಬಿದನೂರು, ಕೆಳದಿ ಅರಸರ ಕೊನೆಯ ರಾಜಧಾನಿ. ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟ ಚೆನ್ನಮ್ಮ ಆಳಿದ್ದು ಇಲ್ಲಿಂದ, 1763ರಲ್ಲಿ ಹೈದರಾಲಿ ಗೆದ್ದುಕೊಂಡದ್ದೂ ಈ ಕೋಟೆಯನ್ನೇ. ಕೋಟೆಯನ್ನೂ ಹತ್ತಿರದ ದೇವಗಂಗೆಯ ಕೊಳಗಳನ್ನೂ ನೋಡಿ, ಹೊಸನಗರದಲ್ಲಿ ತಂಗಿ, ಮರುದಿನ ಬಟ್ಟೆಮಲ್ಲಪ್ಪದ ಮೇಲೆ ಸಾಗರಕ್ಕೆ ಬಂದರೆ, ಇಕ್ಕೇರಿ ಮತ್ತು ಕೆಳದಿಗಳನ್ನೂ ಸೇರಿಸಿಕೊಂಡು ಮೂರು ರಾಜಧಾನಿಗಳನ್ನು ಕಂಡಂತಾಗುತ್ತದೆ. ಕೊಡಚಾದ್ರಿಯ ಜೀಪಿನ ದಾರಿಯನ್ನು ಸಾಮಾನು ಕಟ್ಟಿದ ಸೈಕಲ್ಲಿನಲ್ಲಿ ಹತ್ತುವ ಪ್ರಯತ್ನ ಮಾತ್ರ ಬೇಡ.

ಪ್ರಶ್ನೆ: ಬೆಂಗಳೂರಿನಿಂದ ಸೈಕಲ್ಲನ್ನು ರೈಲಿನಲ್ಲಿ ತರುವುದು ಹೇಗೆ? ಜೋಗಕ್ಕೂ ಹೋಗಬೇಕು.
— ಓದುಗರು, ಬೆಂಗಳೂರು

ಉತ್ತರ: ನಿಮ್ಮ ಟಿಕೆಟ್ ತೋರಿಸಿ ನಿಲ್ದಾಣದ ಪಾರ್ಸೆಲ್ ಕಚೇರಿಯಲ್ಲಿ ಸೈಕಲ್ಲನ್ನು ಲಗೇಜಾಗಿ ಬುಕ್ ಮಾಡಬೇಕು, ಅದು ಲಗೇಜ್ ಬೋಗಿಯಲ್ಲಿ ಬರುತ್ತದೆ. ರೈಲು ಹೊರಡುವುದಕ್ಕಿಂತ ಸಾಕಷ್ಟು ಮೊದಲೇ ಹೋಗಿ, ಪೆಡಲ್ ಕಳಚಿ, ಹ್ಯಾಂಡಲ್ ತಿರುಗಿಸಿ, ಗೇರಿನ ಭಾಗಕ್ಕೆ ರಟ್ಟು ಸುತ್ತಿ ಕೊಡಿ. ಸಾಗರದಲ್ಲಿ ರೈಲು ನಿಲ್ಲುವುದು ಸ್ವಲ್ಪವೇ ಹೊತ್ತಾದ್ದರಿಂದ ಕೊನೆಯ ನಿಲ್ದಾಣವಾದ ತಾಳಗುಪ್ಪಕ್ಕೇ ಬುಕ್ ಮಾಡಿದರೆ ಅವಸರವಿಲ್ಲದೆ ಇಳಿಸಿಕೊಳ್ಳಬಹುದು. ತಾಳಗುಪ್ಪದಿಂದ ಒಂದು ಕಡೆ ಜೋಗ, ಇನ್ನೊಂದು ಕಡೆ ಸಾಗರ, ಎರಡೂ ಹೆಚ್ಚುಕಡಿಮೆ 15 ಕಿ.ಮೀ. ರಾತ್ರಿ ರೈಲಿನಲ್ಲಿ ಬಂದು ಬೆಳಗ್ಗೆ ಇಳಿದವರು ಮೊದಲು ಜೋಗ ನೋಡಿಕೊಂಡು ಸಂಜೆಯೊಳಗೆ ಸಾಗರ ಸೇರುವುದು ಸರಿಯಾದ ಕ್ರಮ.